ಕಬಡ್ಡಿ ತಾರೆಯ ಎದುರು ಚಿಕ್ಕತಾಯಮ್ಮನ ಸಾಕ್ಷಿ

2005ರಲ್ಲಿ ನಾನು ಗುಂಡ್ಲುಪೇಟೆಯ ಜೆ.ಎಂ.ಎಫ್.ಸಿ. ನ್ಯಾಯಾಲಯದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿದ್ದೆ. ಜನ ನಮ್ಮನ್ನು ಎ.ಪಿ.ಪಿ. ಎಂದು ಕರೆಯುತ್ತಾರೆ. ಪೊಲೀಸರು ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೆ ಸರ್ಕಾರದ ಪರವಾಗಿ ಸಾಕ್ಷಿಗಳನ್ನು ವಿಚಾರಿಸಿ ಕೇಸು ನಡೆಸುವುದು ನಮ್ಮ ಕೆಲಸ. ಚಾಮರಾಜನಗರದಿಂದ ವರ್ಗವಾಗಿ ಬಂದು ಏಳು ತಿಂಗಳಾಗಿತ್ತು. ಊಟಿ ರಸ್ತೆಯ ಅಪಘಾತ, ಹೊಲದ ಬದುವಿನ ಹೊಡೆದಾಟ, ಸಣ್ಣಪುಟ್ಟ ಕಳವು, ದಿನಕ್ಕೆ ಇಪ್ಪತ್ತು ಮೂವತ್ತು ಫೈಲುಗಳು. ಆರೋಪಿಯ ಹೆಸರು ನೋಡಿ ನಾನೇ ಬೆಚ್ಚಿಬಿದ್ದದ್ದು ಆ ಒಂದು ಫೈಲು ಬಂದಾಗ ಮಾತ್ರ.

ಆರೋಪಿ ಶಿವರುದ್ರ, ಉಮ್ಮತ್ತೂರಿನವನು, ಕಬಡ್ಡಿ ಆಟಗಾರ. ಆಗಿನ್ನೂ ಟಿ.ವಿ.ಯಲ್ಲಿ ಕಬಡ್ಡಿ ಲೀಗುಗಳಿರಲಿಲ್ಲ. ಆದರೆ ದೊಡ್ಡ ಸಂಸ್ಥೆಗಳು ಒಳ್ಳೆಯ ಆಟಗಾರರನ್ನು ಕ್ರೀಡಾ ಕೋಟಾದಲ್ಲಿ ನೇಮಿಸಿಕೊಂಡು ಸಂಬಳ ಕೊಟ್ಟು ತಮ್ಮ ತಂಡದಲ್ಲಿ ಆಡಿಸುತ್ತಿದ್ದವು. ಆಟವೇ ಅವರ ನೌಕರಿ. ಶಿವರುದ್ರ ಅಂಥ ಒಂದು ತಂಡದ ರೈಡರ್, ಎಂದರೆ ಉಸಿರು ಕಟ್ಟಿ ಎದುರಾಳಿಗಳ ಅಂಕಣಕ್ಕೆ ನುಗ್ಗುವವನು. ಹಿಂದಿನ ವರ್ಷ ಅವನು ರಾಜ್ಯ ತಂಡಕ್ಕೆ ಆಡಿ ಬಂದಾಗ ಚಾಮರಾಜನಗರದಲ್ಲಿ ತೆರೆದ ಜೀಪಿನಲ್ಲಿ ಮೆರವಣಿಗೆ ನಡೆದಿತ್ತು. ಕಾಲೇಜಿನ ದಿನಗಳಲ್ಲಿ ನಾನೂ ಕಬಡ್ಡಿ ಆಡಿದ್ದವನು. ಕಲಾಪ ಮುಗಿಸಿ ಕರಿ ಕೋಟಿನಲ್ಲೇ ಹೋಗಿ, ಜನರ ನಡುವೆ ನಿಂತು, ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ್ದೆ.

ದೂರು ಕೊಟ್ಟವಳು ತೆರಕಣಾಂಬಿಯ ಚಿಕ್ಕತಾಯಮ್ಮ, ಮೂವತ್ತೆರಡು ವರ್ಷ. ಗಂಡ ತೀರಿಕೊಂಡಿದ್ದ. ಒಬ್ಬಳು ಮಗಳು ಏಳನೇ ತರಗತಿಯಲ್ಲಿದ್ದಳು. ಗುಂಡ್ಲುಪೇಟೆಯ ಹೊರಗೆ ಒಂದು ಛತ್ರದಲ್ಲಿ ಹದಿನೈದು ದಿನಗಳ ಕಬಡ್ಡಿ ತರಬೇತಿ ಶಿಬಿರ ನಡೆದಾಗ ಅಡುಗೆಗೆಂದು ನೇಮಕವಾಗಿದ್ದವಳು. ಶಿಬಿರದ ಹನ್ನೊಂದನೇ ದಿನ ಮಧ್ಯಾಹ್ನ, ಆಟಗಾರರು ಉಂಡು ಮಲಗಿದ್ದ ಹೊತ್ತಿನಲ್ಲಿ, ರಾಗಿ ಹಿಟ್ಟು ತರಲು ಉಗ್ರಾಣಕ್ಕೆ ಹೋದ ಅವಳ ಹಿಂದೆಯೇ ಶಿವರುದ್ರ ಒಳಹೊಕ್ಕು ಬಾಗಿಲು ಮುಚ್ಚಿ ಮೈಮೇಲೆ ಕೈ ಹಾಕಿದ ಎಂಬುದು ದೂರು. ಅವಳು ಕೂಗಿಕೊಂಡಳು, ಕೈಯಲ್ಲಿದ್ದ ಹಿತ್ತಾಳೆ ಸೇರಿನಿಂದ ಅವನ ಭುಜಕ್ಕೆ ಹೊಡೆದಳು, ಬಾಗಿಲು ತಳ್ಳಿಕೊಂಡು ಹೊರಬಂದಳು. ಬಳೆ ಒಡೆದು ಮುಂಗೈ ಸೀಳಿತ್ತು. ಅಂದು ಸಂಜೆಯೇ ಠಾಣೆಗೆ ನಡೆದು ಹೋಗಿ ದೂರು ಬರೆಸಿದ್ದಳು.

ಭಾರತ ದಂಡ ಸಂಹಿತೆಯ 354ನೇ ಕಲಂ, ಹೆಂಗಸಿನ ಮಾನಕ್ಕೆ ಕುಂದು ತರುವ ಹಲ್ಲೆ. ಆಗ ಅದಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷ. ಜಾಮೀನು ಸುಲಭ. ನೊಂದ ಹೆಂಗಸು ಒಪ್ಪಿದರೆ, ನ್ಯಾಯಾಲಯದ ಅನುಮತಿ ಪಡೆದು ರಾಜಿಯಾಗಲೂ ಅವಕಾಶವಿತ್ತು. ಮುಂದೆ ಕಾನೂನು ಬದಲಾಯಿತು. ಆದರೆ ಈ ಕೇಸಿನ ಹೊತ್ತಿಗೆ ಎಲ್ಲರ ಕಣ್ಣೂ ಈ ರಾಜಿಯ ಮೇಲೇ ಇತ್ತು.

ಸುದ್ದಿ ಹರಡಿದ ಮರುದಿನ ಗುಂಡ್ಲುಪೇಟೆಯಲ್ಲಿ ಅರ್ಧ ದಿನ ಅಂಗಡಿ ಮುಚ್ಚಿದವು. ಮುಚ್ಚಿದ್ದು ಚಿಕ್ಕತಾಯಮ್ಮನಿಗಾಗಿ ಅಲ್ಲ, ಶಿವರುದ್ರನಿಗಾಗಿ. ಉಮ್ಮತ್ತೂರು ಕಡೆಯಿಂದ ಎರಡು ಟೆಂಪೋಗಳಲ್ಲಿ ಯುವಕರು ಬಂದರು, ಅವನ ಜೆರ್ಸಿಯ ನಂಬರು ಬರೆದ ಬನಿಯನ್ ತೊಟ್ಟು. ‘ನಮ್ಮ ಹುಲಿಗೆ ಮಸಿ ಬಳಿಯಬೇಡಿ’ ಎಂಬ ಬ್ಯಾನರ್ ಬಸ್ ನಿಲ್ದಾಣದ ಎದುರು ಎದ್ದಿತು. ತೆರಕಣಾಂಬಿಯಲ್ಲಿ ಮದುವೆ ಮನೆಗಳಿಗೆ ಚಿಕ್ಕತಾಯಮ್ಮನನ್ನು ಅಡುಗೆಗೆ ಕರೆಯುವುದನ್ನು ನಿಲ್ಲಿಸಿದರು. ವಕೀಲರ ಕೊಠಡಿಯಲ್ಲಿ ಟೀ ಕುಡಿಯುತ್ತಾ ಹಿರಿಯರೊಬ್ಬರು, “ಜಿಲ್ಲೆಗೊಬ್ಬ ಹುಟ್ಟಿದ್ದ, ಅವನನ್ನೂ ಉಳಿಸಲಿಲ್ಲ ನೋಡ್ರೀ” ಎಂದರು. ನಾನು ತಲೆ ಆಡಿಸಿದೆ. ಅದನ್ನು ಇವತ್ತು ಬರೆಯಲು ನಾಚಿಕೆಯಾಗುತ್ತದೆ.

ಅದಕ್ಕಿಂತ ಹೆಚ್ಚು ನಾಚಿಕೆಯಾಗುವ ಇನ್ನೊಂದು ಮಾತಿದೆ. ವಿಚಾರಣೆಗೆ ಮುಂಚೆ ಸಾಕ್ಷಿಗಳು ಎ.ಪಿ.ಪಿ.ಯನ್ನು ಕಂಡು ತಮ್ಮ ಹೇಳಿಕೆಯನ್ನು ನೆನಪು ಮಾಡಿಕೊಳ್ಳುವುದು ವಾಡಿಕೆ. ಚಿಕ್ಕತಾಯಮ್ಮ ಬಂದು ನನ್ನ ಮೇಜಿನ ಎದುರು ನಿಂತಳು. ತೆಳ್ಳಗಿನ ಮೈಕಟ್ಟು, ಎಣ್ಣೆ ಹಾಕಿ ಬಿಗಿದ ತಲೆ, ಮುಂಗೈಯಲ್ಲಿ ಮಾಗಿದ ಗಾಯದ ಗೆರೆ. ಕೂರಲು ಹೇಳುವುದೂ ನನಗೆ ಹೊಳೆಯಲಿಲ್ಲ. “ನೋಡಮ್ಮ, ಅವನು ಇನ್ನೂ ಆಡಬೇಕಾದವನು. ನಿನಗೂ ಬೆಳೆಯುತ್ತಿರುವ ಮಗಳಿದ್ದಾಳೆ. ಕ್ಷಮಾಪಣೆ ಬರೆಸಿಕೊಂಡು ಮುಗಿಸಿದರೆ ಎಲ್ಲರಿಗೂ ಒಳ್ಳೆಯದಲ್ಲವೇ?” ಎಂದೆ.

ಅವಳು ಸಿಟ್ಟಾಗಲಿಲ್ಲ. “ಸ್ವಾಮಿ, ನೀವು ನನ್ ಕಡೆ ವಕೀಲ್ರೋ, ಅವ್ರ ಕಡೆನೋ? ಅದೊಂದ ಹೇಳ್ಬುಡಿ. ಆಮೇಕೆ ನಾ ಓಯ್ತೀನಿ.”

ಹದಿನಾಲ್ಕು ವರ್ಷಗಳ ವೃತ್ತಿಯಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. “ನಿನ್ನ ಕಡೆ” ಎಂದೆ. ಆ ಮಾತು ನಿಜವಾದದ್ದು ಬಾಯಿಂದ ಹೊರಬಿದ್ದ ಮೇಲೆ.

ವಿಚಾರಣೆ ಶುರುವಾಯಿತು. ಪಟ್ಟಿಯಲ್ಲಿ ಏಳು ಸಾಕ್ಷಿಗಳಿದ್ದರು. ಅವಳ ಜೊತೆ ಅಡುಗೆ ಮಾಡುತ್ತಿದ್ದ ಹೆಂಗಸು ಮೊದಲ ದಿನವೇ “ನಾ ಏನೂ ಕಾಣೆ” ಎಂದಳು. ಛತ್ರ ನೋಡಿಕೊಳ್ಳುತ್ತಿದ್ದ ಮೇಟಿಯೂ ಅದೇ ಮಾತು ಹೇಳಿದ. ಪೊಲೀಸರ ಮುಂದೆ ಹೇಳಿದ್ದನ್ನು ಕೋರ್ಟಿನಲ್ಲಿ ಅಲ್ಲಗಳೆಯುವವರನ್ನು ನಾವು ಹೋಸ್ಟೈಲ್ ಸಾಕ್ಷಿ ಎನ್ನುತ್ತೇವೆ. ಇಬ್ಬರು ತಿರುಗಿದ ಮೇಲೆ ಉಳಿದದ್ದು ಗಾಯದ ಪ್ರಮಾಣಪತ್ರ ಕೊಟ್ಟ ವೈದ್ಯರು, ಇಬ್ಬರು ಪೊಲೀಸರು, ಶಿಬಿರದ ತರಬೇತುದಾರ ಮತ್ತು ಚಿಕ್ಕತಾಯಮ್ಮ. ತರಬೇತುದಾರ ರಂಗಸ್ವಾಮಿ ಮಾಸ್ಟರು ಶಿವರುದ್ರನನ್ನು ಹತ್ತನೇ ವಯಸ್ಸಿನಿಂದ ಮಣ್ಣಿನಲ್ಲಿ ಆಡಿಸಿ ಬೆಳೆಸಿದವರು. ಅವರೂ ತಿರುಗಿಬೀಳುತ್ತಾರೆ ಎಂದೇ ನಾನು ಲೆಕ್ಕ ಹಾಕಿದ್ದೆ.

ಚಿಕ್ಕತಾಯಮ್ಮನ ಸರದಿಯ ದಿನ ಕೋರ್ಟು ಕಿಕ್ಕಿರಿದಿತ್ತು. ನಂಬರಿನ ಬನಿಯನ್ ತೊಟ್ಟವರು ಜಗುಲಿಯ ಉದ್ದಕ್ಕೂ ನಿಂತಿದ್ದರು. ಮ್ಯಾಜಿಸ್ಟ್ರೇಟರು ಪರಿಸ್ಥಿತಿ ನೋಡಿ, “ನೀವು ಬಯಸಿದರೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ ವಿಚಾರಣೆ ನಡೆಸುತ್ತೇನೆ” ಎಂದರು. ನಾನು ಒಪ್ಪಿಗೆ ಸೂಚಿಸಲು ಎದ್ದೆ. ಅವಳು ಕಟಕಟೆಯಿಂದಲೇ ಹೇಳಿದಳು:

“ಬ್ಯಾಡಿ ಸ್ವಾಮಿ. ಬಾಗ್ಲು ತೆಗ್ದೇ ಇರ್ಲಿ. ಇಷ್ಟು ದಿನ ಅವ್ರೆಲ್ಲಾ ಮಾತಾಡವ್ರೆ, ನಾ ಕೇಳಿವ್ನಿ. ಇವತ್ತು ನಾ ಮಾತಾಡ್ತೀನಿ, ಅವ್ರೂ ಕೇಳ್ಕಳ್ಳಿ.”

ಮ್ಯಾಜಿಸ್ಟ್ರೇಟರು ಒಪ್ಪಿ, ನನಗೆ ಶುರು ಮಾಡಲು ಹೇಳಿದರು.

ನನ್ನ ಪ್ರಶ್ನೆಗಳಿಗೆ ಅವಳು ಉತ್ತರಿಸಿದ್ದು ಇಪ್ಪತ್ತು ನಿಮಿಷ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ ಪಾಟಿ ಸವಾಲು. ಶಿವರುದ್ರನ ಪರ ಮೈಸೂರಿನಿಂದ ಹೆಸರಾಂತ ವಕೀಲರು ಬಂದಿದ್ದರು. ಒಂದೂವರೆ ಗಂಟೆ ಅವಳನ್ನು ಸುತ್ತು ಹಾಕಿದರು. ಉಗ್ರಾಣದಲ್ಲಿ ಬೆಳಕೆಷ್ಟಿತ್ತು, ಯಾವ ಕೈ, ಯಾವ ಬಾಗಿಲು. ಕೊನೆಗೆ ಅವರು ಕಾಯ್ದಿಟ್ಟಿದ್ದ ಪ್ರಶ್ನೆ ಬಂತು.

“ಎಲ್ಲರಿಗೂ ಎರಡು ಮೊಟ್ಟೆ, ಆರೋಪಿಗೆ ಮೂರು ಬಡಿಸುತ್ತಿದ್ದಿರಿ. ನಿಜವೇ?”

“ದಿಟ.”

“ಅವನ ಜೊತೆ ನಗುತ್ತಾ ಮಾತಾಡುತ್ತಿದ್ದಿರಿ?”

“ಹೂಂ, ನಗ್ತಿದ್ದೆ. ಜಾಸ್ತಿ ಓಡೋರ್ಗೆ ಜಾಸ್ತಿ ಹಸ್ವು ಅಂತ ಕೊಟ್ಟೆ. ಮೊಟ್ಟೆ ಕೊಟ್ಟೋಳು ಮೈಯಿನೂ ಕೊಡ್ತಾಳೆ ಅಂತ ಅವ್ರಿಗೆ ಯಾರು ಹೇಳ್ಕೊಟ್ರೋ, ನಂಗೊತ್ತಿಲ್ಲ ಸ್ವಾಮಿ.”

ವಕೀಲರು ಒಂದು ಕ್ಷಣ ಕಾಗದ ತಿರುವಿದರು. ಆಮೇಲೆ ದನಿ ಎತ್ತರಿಸಿ, “ಹಾಗಾದರೆ ಹೇಳಿ, ನಾಡಿಗೇ ಹೆಸರು ತಂದ ಆಟಗಾರನ ಮೇಲೆ ಹೊಟ್ಟೆಕಿಚ್ಚಿನಿಂದ, ಅವನ ಹೆಸರು ಕೆಡಿಸಲೆಂದೇ ಈ ದೂರು ಕೊಟ್ಟಿದ್ದೀರಿ” ಎಂದರು.

ಅವಳು ಮೊದಲ ಬಾರಿಗೆ ಆರೋಪಿಯ ಕಡೆ ತಿರುಗಿ ನೋಡಿದಳು. ಶಿವರುದ್ರ ತಲೆ ತಗ್ಗಿಸಿದ್ದ.

“ಅವ್ರು ಆಡದು ಬೋ ಚೆಂದ ಸ್ವಾಮಿ. ಅಂಗೆ ಆಡೋರ್ನ ನಾ ಕಂಡೇ ಇಲ್ಲ. ಶಿಬಿರದಲ್ಲಿ ಒಲೆ ಮುಂದಿಂದ ಎದ್ ಬಂದು ನೋಡ್ತಿದ್ದೆ. ಅದ ಇಲ್ಲ ಅನ್ನಕಾಯ್ತದಾ? ಅದೂ ದಿಟ. ಅವತ್ತು ಉಗ್ರಾಣದಲ್ಲಿ ಮಾಡುದ್ದೂ ದಿಟ. ಒಂದು ದಿಟ ಇನ್ನೊಂದ ಅಳಸಾಕಾಗಲ್ಲ.”

ನಾನು ಪೆನ್ನು ಕೆಳಗಿಟ್ಟೆ. ಊರೆಲ್ಲ ಎರಡು ಗುಂಪಾಗಿ ನಿಂತಿದ್ದ ದಿನಗಳವು. ಅವನು ದೇವರು ಎನ್ನುವವರಿಗೆ ಅವನಿಂದ ತಪ್ಪಾಗಿರಲು ಸಾಧ್ಯವಿರಲಿಲ್ಲ. ಅವನು ರಾಕ್ಷಸ ಎನ್ನುತ್ತಿದ್ದ ಕೆಲವರಿಗೆ ಅವನ ಆಟವೂ ಸುಳ್ಳಾಗಿತ್ತು. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಒಬ್ಬ ಹೆಣ್ಣುಮಗಳು, ನೋವು ತಿಂದವಳೇ, ಎರಡನ್ನೂ ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಮ್ಯಾಜಿಸ್ಟ್ರೇಟರು ಆ ಮಾತನ್ನು ಅವಳ ಮಾತಿನಲ್ಲೇ ದಾಖಲಿಸುವಂತೆ ಬೆರಳಚ್ಚುಗಾರರಿಗೆ ಹೇಳಿದರು.

ಮುಂದಿನ ತಾರೀಖಿಗೆ ರಂಗಸ್ವಾಮಿ ಮಾಸ್ಟರು ಬಂದರು. ಕಟಕಟೆ ಹತ್ತುವ ಮುಂಚೆ ನನ್ನ ಹತ್ತಿರ ನಿಂತು, “ಆಯಮ್ಮ ನಮ್ಮುಡ್ಗನ ಆಟನ ಒಪ್ಕಂಡ್ರಂತೆ, ದಿಟವಾ ಸಾರ್?” ಎಂದು ಕೇಳಿದರು. ಹೌದು ಎಂದೆ. ಮಾಸ್ಟರು ಕಟಕಟೆಯಲ್ಲಿ ನಿಂತು ತಾವು ಕಂಡದ್ದನ್ನು ಹೇಳಿದರು: ಕೂಗು ಕೇಳಿ ಬಂದಾಗ ಅವಳು ಮುಂಗೈಯಿಂದ ರಕ್ತ ಸೋರಿಸಿಕೊಂಡು ಉಗ್ರಾಣದಿಂದ ಹೊರಬಂದದ್ದು, ಹಿಂದೆಯೇ ಶಿವರುದ್ರ ತನ್ನ ಭುಜ ಹಿಡಿದುಕೊಂಡು ಬಂದದ್ದು, “ಮಾಸ್ಟ್ರೇ, ಯಾರ್ಗೂ ಹೇಳ್ಬ್ಯಾಡಿ” ಎಂದು ಕಾಲು ಹಿಡಿದದ್ದು. ಹೇಳುವಾಗ ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಶಿವರುದ್ರನ ವಕೀಲರು, “ಇವನು ನಿಮ್ಮ ಮಗನ ಸಮಾನ ಅಲ್ಲವೇ?” ಎಂದು ಚುಚ್ಚಿದರು.

“ಮಗನೇ ಕಣ್ರಪ್ಪಾ” ಎಂದರು ಮಾಸ್ಟರು. “ಅವ್ಳಂಗೆ ನೇರ ನಿಂತೋರ ಎದ್ರುಗೆ ಸುಳ್ಳು ಹೇಳ್ಬುಟ್ಟು, ನಾ ಯಾವ್ ಮುಖ ಇಟ್ಕಂಡು ಮಕ್ಕಳಿಗೆ ಆಟ ಕಲಿಸ್ಲಿ?”

ತೀರ್ಪು ಬಂದಾಗ ಜಗುಲಿ ಖಾಲಿಯಿತ್ತು. ನಂಬರಿನ ಬನಿಯನ್ನುಗಳಲ್ಲಿ ಒಂದೂ ಇರಲಿಲ್ಲ. ಆರು ತಿಂಗಳ ಸಾದಾ ಸಜೆ ಮತ್ತು ದಂಡ. ಮೇಲ್ಮನವಿಯಲ್ಲಿ ಅಪರಾಧಿ ಎಂಬ ತೀರ್ಪು ಉಳಿಯಿತು, ಸಜೆ ಮೂರು ತಿಂಗಳಿಗೆ ಇಳಿಯಿತು. ಶಿವರುದ್ರ ಅದನ್ನು ಅನುಭವಿಸಿ ಬಂದ. ತಂಡ ಅವನನ್ನು ಮತ್ತೆ ಕರೆಯಲಿಲ್ಲ. ಜನ ಚಿಕ್ಕತಾಯಮ್ಮನ ಕ್ಷಮೆ ಕೇಳಿದರೇ? ಇಲ್ಲ. ಸುಮ್ಮನಾದರು, ಅಷ್ಟೆ. ಆದರೆ ಆರೇಳು ತಿಂಗಳ ಮೇಲೆ ಸಂತೆಮರಹಳ್ಳಿಯ ಕಡೆಯ ಒಂದು ಮದುವೆಗೆ ಅವಳನ್ನು ಅಡುಗೆಗೆ ಕರೆದರೆಂದು ಕೇಳಿದೆ. ಊರವರು ನಿಧಾನವಾಗಿ, ಏನೂ ಆಗಲಿಲ್ಲವೆಂಬಂತೆ, ಅವಳ ಕೈಯ ಊಟಕ್ಕೆ ಮರಳಿದರು.

ತೀರ್ಪಾದ ವಾರದಲ್ಲಿ ಅವಳು ನನ್ನ ಕಚೇರಿಗೆ ಬಂದಿದ್ದಳು. ಈ ಸಲ ಕುರ್ಚಿ ಎಳೆದುಕೊಟ್ಟೆ. ತೀರ್ಪು ಬರೆದ ಕಾಗದ ತನಗೂ ಒಂದು ಸಿಗುತ್ತದೆಯೇ ಎಂದು ಕೇಳಿದಳು. ದೃಢೀಕೃತ ನಕಲು ತರಿಸಿಕೊಟ್ಟೆ. ತನಗೆ ಓದಲು ಬಾರದು, ಓದಿ ಹೇಳಿ ಎಂದಳು. ಹದಿನೆಂಟು ಪುಟಗಳಿದ್ದವು. ಕಾನೂನಿನ ಭಾಗಗಳನ್ನು ಬಿಟ್ಟು ಓದುತ್ತಾ ಹೋದೆ. ಶಿಕ್ಷೆಯ ಭಾಗ ಬಂದಾಗ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅದರಲ್ಲಿ ಅವಳಿಗೆ ಆಸಕ್ತಿಯಿದ್ದಂತೆ ಕಾಣಲಿಲ್ಲ. “ಅದಲ್ಲ ಸ್ವಾಮಿ. ನನ್ ಮಾತ್ಗೆ ಏನಂದವ್ರೆ ಅದ ಓದಿ” ಎಂದಳು.

ಪುಟ ಹಿಂದಕ್ಕೆ ತಿರುವಿ ಓದಿದೆ: “ಈ ಸಾಕ್ಷಿಯು ಸತ್ಯವನ್ನು ನುಡಿದಿದ್ದಾರೆ ಎಂದು ನ್ಯಾಯಾಲಯವು ನಂಬುತ್ತದೆ.”

“ಇನ್ನೊಂದ್ಸಲ ಓದಿ.”

ಓದಿದೆ. ಅವಳು ಆ ಸಾಲು ಎಲ್ಲಿದೆ ಎಂದು ಕೇಳಿ, ಬೆರಳಿಟ್ಟು ನೋಡಿ, ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಸಿಕೊಂಡಳು. ಮಗಳಿಗೆ ತೋರಿಸಲು.

ಅಲ್ಲಿಯವರೆಗೆ ನಾನು, ದೂರು ಕೊಟ್ಟವರು ನ್ಯಾಯಾಲಯಕ್ಕೆ ಬರುವುದು ಎದುರಿನವನಿಗೆ ಶಿಕ್ಷೆ ಕೊಡಿಸಲು ಎಂದು ತಿಳಿದಿದ್ದೆ. ಎಷ್ಟು ಶಿಕ್ಷೆ ಕೊಡಿಸಿದೆ ಎಂಬುದರಲ್ಲೇ ನನ್ನ ಕೆಲಸವನ್ನು ಅಳೆಯುತ್ತಿದ್ದೆ. ಆಮೇಲೆ ಮತ್ತೆ ಹನ್ನೆರಡು ವರ್ಷ ನಾನಾ ಕೋರ್ಟುಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಅಷ್ಟೂ ಕಾಲ ಯಾವ ಹೆಂಗಸು ಇಂಥ ದೂರು ಹಿಡಿದು ಬಂದರೂ ರಾಜಿಯ ಮಾತು ನನ್ನ ಬಾಯಿಂದ ಬರಲಿಲ್ಲ. ಅವಳು ಹೇಳುವುದನ್ನು ಮೊದಲಿಂದ ಕೊನೆಯವರೆಗೆ, ನಡುವೆ ಬಾಯಿ ಹಾಕದೆ, ಕೇಳಿಸಿಕೊಳ್ಳುತ್ತಿದ್ದೆ. ನನ್ನ ವೃತ್ತಿಯಲ್ಲಿ ಮಾಡಲು ಅದಕ್ಕಿಂತ ದೊಡ್ಡ ಕೆಲಸ ಹೆಚ್ಚೇನೂ ಇರಲಿಲ್ಲವೆಂದು ಈಗ ಅನ್ನಿಸುತ್ತದೆ.