ಎಲೆಕ್ಟ್ರೀನಾಳ ಎರಡನೆಯ ಹೆಸರು

ತಿಮೊಫೆಯ್‌ನ ಹೆಂಡತಿ ಹುಟ್ಟಿದ್ದು ರಷ್ಯಾದ ವೋಲ್ಗಾ ನದಿ ದಂಡೆಯ ಒಂದು ಹಳ್ಳಿಗೆ ಕರೆಂಟು ಬಂದ ದಿನ. ದೇವರನ್ನು ನಂಬದ ಅವಳಪ್ಪ ಅದೇ ಖುಷಿಯಲ್ಲಿ ಎಲೆಕ್ಟ್ರೀನಾ ಎಂದು ಹೆಸರಿಟ್ಟ; ಊರಿಗೆಲ್ಲ ಅವಳು ಎಲ್ಯಾ. ದೀಪ ಆರಿದಾಗಲೆಲ್ಲ ಊರವರು “ಎಲ್ಯಾ, ಸ್ವಲ್ಪ ಕಂಬ ಮುಟ್ಟಿ ಬಾರೇ” ಎಂದು ರೇಗಿಸುತ್ತಿದ್ದರು. ಊರಿನ ಸಾಮೂಹಿಕ ಕೃಷಿಕ್ಷೇತ್ರದ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಲೇ ಅವಳು ಮುದುಕಿಯಾದಳು.

ಹಾಸಿಗೆ ಹಿಡಿದ ಮೇಲೆ ಕ್ರೈಸ್ತಳಾಗಲು ಜ್ಞಾನಸ್ನಾನ ಬೇಕೆಂದಳು. ಅದಕ್ಕೆ ಸಂತರೊಬ್ಬರ ಹೆಸರು ಬೇಕಿತ್ತು. “ನಿನ್ನ ಹೆಸರಿನ ಸಂತರು ಯಾರೂ ಇಲ್ವಲ್ಲಮ್ಮ” ಎಂದು ಪಾದ್ರಿ ಅವಳಿಗೆ ಫೋತಿನಾ ಎಂಬ ಸಂತಳ ಹೆಸರು ಕೊಟ್ಟರು. “ಗ್ರೀಕ್ ಭಾಷೇಲಿ ಇದರ ಅರ್ಥವೂ ಬೆಳಕೇ.”

ವಾರದೊಳಗೆ ತೀರಿಕೊಂಡಳು.

ಶವದ ಮುಂದೆ ಪಾದ್ರಿ ಫೋತಿನಾಳ ಆತ್ಮಕ್ಕೆ ಶಾಂತಿ ಕೋರಿದಾಗಲೆಲ್ಲ ತಿಮೊಫೆಯ್ ಹೆಂಡತಿಯ ಮುಖ ನೋಡುತ್ತಿದ್ದ. ಕೊನೆಗೆ ಅವರ ತೋಳು ಹಿಡಿದ.

“ಸ್ವಾಮಿ, ನಮ್ಮ ಎಲ್ಯಾಗೂ ಒಂದ್ಮಾತು ಬೇಡ್ಕೊಳ್ಳಿ.”

“ಇವಳೇ ಫೋತಿನಾ ಅಲ್ವಾ ತಾತ?”

“ನನಗೆ ಗೊತ್ತು ಸ್ವಾಮಿ. ಆದ್ರೆ ಅಲ್ಲಿ ಸ್ವರ್ಗದಲ್ಲಿ ಆ ಹೆಸರು ಕೂಗಿದ್ರೆ, ಬೇರೆ ಯಾರನ್ನೋ ಕರೀತಿದಾರೆ ಅಂತ ಇವಳು ಸುಮ್ನೆ ಕೂತಿರ್ತಾಳೆ.”