ಬಾಣಂತಿಯ ಬಾಯಾರಿಕೆ

ಪಕ್ಕದ ಮನೆಯ ಬಾಣಂತಿಗೆ ಇಂದು ಅಜವಾನದ ಹೊಗೆ ಹಾಕುತ್ತಿದ್ದರು. ಆ ವಾಸನೆಗೆ ನವಲಗುಂದದ ನಮ್ಮ ಹಳೆಯ ಮನೆ ಕಣ್ಣೆದುರು ಬಂತು.

ಕಾಕಾನ ಹೆಂಡತಿ ಚಿಗವ್ವ ಹಡೆದಿದ್ದಳು. ಮನೆಮದ್ದೆಲ್ಲ ಬಲ್ಲ ಅಜ್ಜಿ ಅವಳಿಗೆ ತುಪ್ಪ, ಅಂಟಿನುಂಡಿ ಕೊಡುತ್ತಿದ್ದಳು. ನೀರು ಮಾತ್ರ ಕೊಡುತ್ತಿರಲಿಲ್ಲ. ಬಾಣಂತಿ ನೀರು ಕುಡಿದರೆ ಮೈ ಕೆಡುತ್ತದೆ ಎಂದು ನಂಬಿದ್ದಳು. ತುಟಿ ಒಡೆದ ಚಿಗವ್ವ ಒಂದು ದಿನ ಜಳಕದ ಬಿಸಿನೀರನ್ನೇ ಬೊಗಸೆಯಲ್ಲಿ ಕುಡಿದಳು. ಅಜ್ಜಿ ಅವಳ ಕೈಗೆ ಹೊಡೆದಳು.

"ನಾ ಎಂಟ ಹಡದೇನಿ. ಹಿಂಗ ನೀರ ನೀರ ಅಂದಿಲ್ಲ!"

"ಎಂಟರಾಗ ಎಷ್ಟ ಉಳದಾವ್ರಿ, ಅತ್ತಿ?"

ಉಳಿದವರು ನಮ್ಮಪ್ಪ, ಕಾಕಾ ಇಬ್ಬರೇ. ಅಜ್ಜಿಯ ಮುಖ ಬಿಳಚಿಕೊಂಡಿತು. ಆಮೇಲೂ ಅವಳು ನೀರು ಕೊಡಲಿಲ್ಲ. ಸಾಯುವತನಕ ಚಿಗವ್ವನೊಡನೆ ಮಾತನ್ನೂ ಆಡಲಿಲ್ಲ.

"ಹಳೇ ಮಂದಿ ಆರೋಗ್ಯ ಅಗದಿ ಗಟ್ಟಿ ಇತ್ತ ನೋಡ್ರಿ," ಅಂದಳು ಇಂದು ಹೊಗೆ ಹಾಕಿ ಹೊರಗೆ ಬಂದ ಪಕ್ಕದ ಮನೆಯಾಕೆ. ಹೂಂ ಅನ್ನಲು ನನಗೆ ಮನಸ್ಸಾಗಲಿಲ್ಲ.