ಅವ್ವನ ಫುಲ್ ಸ್ವೆಟರ್

ಬೀದರಿನ ಥಂಡಿಯಲ್ಲಿ ನಡುಗುತ್ತಿರುವ ಮಹಾಜನರೇ, ತೋಳು ತೆಗೆದು ಬಾಳು ಕೊಡುವ ವಿದ್ಯೆಯನ್ನು ಇಂದು ಬೋಧಿಸಲಿದ್ದೇನೆ. ತೀರಿಹೋದ ಅವ್ವನ ಫುಲ್ ಸ್ವೆಟರನ್ನು ನನ್ನ ಮಗಳಿಗೆ ಹಾಫ್ ಸ್ವೆಟರ್ ಮಾಡಿಕೊಡಬೇಕಾಗಿದೆ. ಟ್ರಂಕು ತೆರೆದೊಡನೆ ಬಂದ ಡಾಂಬರು ಗುಳಿಗೆಯ ವಾಸನೆ ನನ್ನನ್ನು ಬಾಲ್ಯದ ಭಾಲ್ಕಿಯ ಮನೆಗೆ ಒಯ್ದಿತು.

ಅಲ್ಲಿ ಅವ್ವ ನನಗೆ ಗಿಡ್ಡಾದ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡು, ತೋಳಿನ ಬುಡಕ್ಕೆ ಸುತ್ತಲೂ ದಾರ ಓಡಿಸುತ್ತಿದ್ದಳು.

"ಮೊದಲ ಹೊಲಿಗಿ, ಆಮ್ಯಾಲ ಕತ್ತರಿ. ಇಲ್ಲಂದ್ರ ಉಲ್ಲನ್ ಪೂರಾ ಬಿಚ್ಚತದ."

"ನನ್ನ ಕೈಗಿ ಥಂಡಿ ಹತ್ತಂಗಿಲ್ಲೇನವ್ವಾ?"

"ಚಡ್ಡಿ ಕಿಸೆದಾಗ ಇಟ್ಕೋ. ತೋಳು ತಂಗಿ ಕಾಲಿಗಿ ಬೇಕು."

ತೋಳಿನ ತುದಿ ಹೊಲಿದರೆ ತಂಗಿಗೆ ತೊಡೆಯತನಕ ಕಾಲುಚೀಲ. ಅವಳು ಬೆಚ್ಚಗೆ, ನಾನು ಪೆಚ್ಚಗೆ.

ಈಗ ಹೊಲಿಗೆ ಹಾಕಿಯಾಗಿದೆ, ಕತ್ತರಿ ಕೈಯಲ್ಲಿದೆ. ಸ್ವೆಟರಿನ ಮೊಣಕೈಯಲ್ಲಿ ಅವ್ವನ ತೋಳಿನ ಬಾಗು ಇನ್ನೂ ಹಾಗೇ ಇದೆ.

ಮಹಾಜನರೇ, ಇಷ್ಟೆಲ್ಲ ಭಾಷಣ ಮಾಡಿದ್ದು ಕತ್ತರಿಸುವುದನ್ನು ಮುಂದೂಡಲಿಕ್ಕೆ.